ಅಲ್ ವಕ್ರಾದಲ್ಲಿ ಒಂದು ಬರಿಗಾಲಿನ ಶುಕ್ರವಾರ

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ನಾನು ಮತ್ತು ತಂಗಿಯ ಮಗಳು ಸುಜಾತಾ ಅಲ್ ಥುಮಾಮಾದ ಅವಳ ಮನೆಯಿಂದ ಹೊರಟೆವು. ಅವಳ ಗಂಡ ಕಾರಿನಲ್ಲಿ ದುಖಾನಿಗೆ ಕೆಲಸಕ್ಕೆ ಹೋಗಿದ್ದುದರಿಂದ ಬಸ್ಸು ಹಿಡಿದು, ಬಳಿಕ ಮೆಟ್ರೋ ಏರಿದೆವು. ಅಲ್ ವಕ್ರಾಕ್ಕೆ ತಲಾ ಎರಡು ರಿಯಾಲ್. ನಿಲ್ದಾಣದ ಹೊರಗೆ ನೆಲ ಕಾದ ಕಾವಲಿಯಂತಿತ್ತು.

ಕತಾರಿನಲ್ಲಿ ರೋಗಿಯನ್ನು ಆಸ್ಪತ್ರೆಯೇ ಹುಡುಕಿಕೊಂಡು ಬರುತ್ತದೆಂದು ಊರಿನಲ್ಲಿ ಹಲವರು ಹೇಳಿದ್ದರು. ಹೇಳಿದವರಾರೂ ಇಲ್ಲಿ ಕಾಯಿಲೆ ಬಿದ್ದವರಲ್ಲವಾದ್ದರಿಂದ ನಾನು ನಂಬಿರಲಿಲ್ಲ. ನರ್ಸ್ ಆಗಿರುವ ಸುಜಾತಾ ರಜಾದಿನಗಳಲ್ಲಿ ರೋಸಾ ಎಂಬವರೊಂದಿಗೆ ಮನೆಮನೆಗೆ ಹೋಗುತ್ತಾಳೆಂದು ತಿಳಿದಾಗ, ಕಣ್ಣಾರೆ ನೋಡಲೇಬೇಕೆಂದು ಹಟ ಹಿಡಿದೆ.

ರೋಸಾ ಪೆರು ದೇಶದವರು. ಹೋಟೆಲಿನ ಕೋಣೆ ಗುಡಿಸಲು ಬಂದವರು, ತರಬೇತಿ ಪಡೆದು, ಈಗ ತಮ್ಮಂತೆಯೇ ದಕ್ಷಿಣ ಅಮೆರಿಕದಿಂದ ಬಂದ, ಸ್ಪ್ಯಾನಿಷ್ ಬಿಟ್ಟರೆ ಬೇರೆ ಭಾಷೆ ಬಾರದ ಕೆಲಸಗಾರರ ಆರೋಗ್ಯ ವಿಚಾರಿಸುತ್ತಾರೆ. ನಿಲ್ದಾಣದ ಬಳಿ ನಮ್ಮನ್ನು ಸೇರಿಕೊಂಡ ಅವರು, ಅಂಥ ಕೆಲಸಗಾರರು ವಾಸಿಸುವ ಮೂರನೆಯ ಮಹಡಿಯ ಮನೆಯ ಬಾಗಿಲಲ್ಲಿ ಬೂಟು, ಕಾಲುಚೀಲ ಎರಡನ್ನೂ ಕಳಚಿದರು. ಒಳಗಿದ್ದ ನಾಲ್ವರಲ್ಲಿ ಮೂವರೂ ಕಳಚಿದರು. ಹೂಲಿಯೊ ಎಂಬ ಅಡುಗೆಯವನೊಬ್ಬ ಮಾತ್ರ ಕಳಚಲಿಲ್ಲ.

"ಇವರ ದೇಶದಲ್ಲೂ ಹೀಗೆಯೋ?" ಎಂದು ಸುಜಾತಾಳನ್ನು ಕೇಳಿದೆ.

"ಇಲ್ಲ ಮಾವ, ನಮ್ಮ ಮನೆಯಲ್ಲಿ ನೋಡಿ ಕಲಿತದ್ದು. ಸಕ್ಕರೆ ಕಾಯಿಲೆಯವರು ಕಾಲು ತೋರಿಸಿ ಅಂದ್ರೆ ತೋರಿಸುದಿಲ್ಲ. ಇವರು ಕಳಚಿದ್ರೆ ಅವರೂ ಕಳಚ್ತಾರೆ."

ಜೊತೆಯವನೊಬ್ಬ ಏನೋ ಹೇಳಿ ನಕ್ಕ. ಹೂಲಿಯೊ ಸ್ನಾನವನ್ನೂ ಬೂಟು ಹಾಕಿಕೊಂಡೇ ಮಾಡುತ್ತಾನಂತೆ, ರೋಸಾರಿಂದ ಕೇಳಿ ಸುಜಾತಾ ನನಗೆ ಹೇಳಿದಳು. ಹೂಲಿಯೊ ನಗಲಿಲ್ಲ. ರೋಸಾ ಗದರಲಿಲ್ಲ, ಮನೆಯವರು ಕೊಟ್ಟ ಬೇಯಿಸಿದ ಆಲೂಗಡ್ಡೆ ತಿನ್ನುತ್ತ ಅವನ ಪಕ್ಕ ನೆಲದ ಮೇಲೆ ಕುಳಿತರು.

ಹೂಲಿಯೊ ತಗ್ಗಿದ ದನಿಯಲ್ಲಿ ಅವರಿಗೆ ಏನೋ ಹೇಳಿದ. "ಎಂತ ಹೇಳ್ತಾನೆ?" ಎಂದು ಸುಜಾತಾಳನ್ನು ಕೇಳಿದೆ.

"ಕಾಲು ತೋರಿಸಿದ್ರೆ ರಜೆ ಹಾಕ್ಬೇಕಾಗ್ತದೆ, ರಜೆ ಹಾಕಿದ್ರೆ ಕೆಲಸ ಖಲಾಸ್ ಅಂತೆ."

ನಾನು ಚಪ್ಪಲಿ ಬಿಟ್ಟಿದ್ದರೂ ಕಾಲುಚೀಲ ತೆಗೆದಿರಲಿಲ್ಲ. ಎಡಗಾಲಿನದನ್ನು ತೆಗೆದೆ. ಅಲ್ಲಿ ಕಿರುಬೆರಳಿಲ್ಲ. ಸಕ್ಕರೆ ಕಾಯಿಲೆಯ ಹುಣ್ಣಿಗೆ ಬೇವಿನ ಸೊಪ್ಪು ಅರೆದು ಕಟ್ಟಿದರೆ ಸಾಕೆಂದು ಯಾರೋ ಹೇಳಿದ್ದನ್ನು, ಯಾರ ಮಾತನ್ನೂ ನಂಬದ ನಾನು, ಆ ಒಂದು ಸಲ ನಂಬಿದ್ದೆ. "ಇದನ್ನು ಅವನಿಗೆ ಹೇಳು" ಎಂದೆ. ಮಾತು ಸುಜಾತಾಳಿಂದ ರೋಸಾರಿಗೆ, ರೋಸಾರಿಂದ ಅವನಿಗೆ ದಾಟಿತು.

ಹೂಲಿಯೊ ಬಹಳ ಹೊತ್ತು ನೋಡಿ, ಬೂಟಿನ ದಾರ ಬಿಚ್ಚಿದ. ಹಿಮ್ಮಡಿಯಲ್ಲಿ ಹುಣ್ಣು ಆಳವಾಗಿತ್ತು. ರೋಸಾ ಅದನ್ನು ಶುದ್ಧ ಬಟ್ಟೆಯಿಂದ ಮುಚ್ಚಿ, ವೈದ್ಯರಿಗಿಂತ ಮೊದಲು ಅವನ ಸ್ಪ್ಯಾನಿಷ್ ಬಲ್ಲ ಮೇಲಧಿಕಾರಿಗೆ ಫೋನು ಮಾಡಿದರು. ಕೆಲಸ ಉಳಿಯುವುದೆಂಬ ಮಾತನ್ನು ಹೂಲಿಯೊನ ಕಿವಿಗೇ ಹೇಳಿಸಿದರು. ನಾನು ಹುಡುಕಿಕೊಂಡು ಬಂದ ಆಸ್ಪತ್ರೆ ಈ ಹೆಂಗಸೇ ಆಗಿದ್ದರು.

"ಯಲ್ಲಾ," ಎಂದು ಇಲ್ಲಿಯವರಂತೆಯೇ ಹೊರಡಲು ಕರೆದರು ರೋಸಾ. ಗೆಳೆಯನ ದೊಡ್ಡ ಚಪ್ಪಲಿಯಲ್ಲಿ ಕಾಲೂರುತ್ತ ಹೂಲಿಯೊ ಅವರ ಹೆಗಲು ಹಿಡಿದು ಲಿಫ್ಟಿನತ್ತ ನಡೆದ. ಆಸ್ಪತ್ರೆಗೆ ಹೋಗಲು ಕೆಳಗೆ ಟ್ಯಾಕ್ಸಿ ಕಾದಿತ್ತು. ಹಿಂದೆ ಉಳಿದ ನಾನು ಒಮ್ಮೆ ತಿರುಗಿ ನೋಡಿದೆ. ಅವನ ಬೂಟುಗಳೂ ಈಗ ಬಾಗಿಲ ಬಳಿ ಉಳಿದವರವುಗಳ ಸಾಲಿನಲ್ಲಿದ್ದವು.