ಸದ್ದು ಮಾಡದ ಹನ್ನೆರಡನೆಯ ಕುಳಿ

ಬಂಡೆಯ ಸೀಳಿನಲ್ಲಿ ಹುಟ್ಟಿ, ಆಳೆತ್ತರವನ್ನು ಮೀರದೆ, ಸೊಂಟದಷ್ಟು ದಪ್ಪಕ್ಕೇ ನಿಂತುಬಿಟ್ಟ ಮರಕ್ಕೆ ಎಷ್ಟು ವಯಸ್ಸಾಗಿರಬಹುದು? ಈ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುವುದಿಲ್ಲ. ಚಳಿನಾಡಿನ ಮರಗಳು ವರ್ಷಕ್ಕೊಂದು ಬಳೆಯನ್ನು ತಮ್ಮೊಳಗೆ ಮೂಡಿಸಿಕೊಳ್ಳುತ್ತವೆ. ನಮ್ಮ ಸೀಮೆಯ ಅರಳಿ, ಬಸರಿಗಳಲ್ಲಿ ಅಂಥ ಬಳೆಗಳನ್ನು ನಂಬುವಂತಿಲ್ಲ. ಮಣ್ಣೇ ಇಲ್ಲದ ಕಡೆ ಬೆಳೆದದ್ದಾದರೆ ದಪ್ಪವನ್ನು ಅಳೆದೂ ಪ್ರಯೋಜನವಿಲ್ಲ. ಆದರೂ ಅಂಥದ್ದೊಂದು ಮರಕ್ಕೆ ಮುನ್ನೂರು ವರ್ಷವಾಗಿದೆಯೆಂದು ನಂಬಿ, ಆ ನಂಬಿಕೆಗಾಗಿ ತನ್ನ ಹೆಸರನ್ನೇ ಕೆಡಿಸಿಕೊಂಡವನೊಬ್ಬ ಮುಂಬಯಿಯ ಕಾಂದಿವಲಿಯ ಪೂರ್ವಕ್ಕಿದ್ದ ಕಲ್ಲುಗಣಿಯಲ್ಲಿ, ಅಲ್ಲಿಯವರ ಮಾತಿನ ಖದಾನಿನಲ್ಲಿ, ದುಡಿಯುತ್ತಿದ್ದ.

ದಾನಪ್ಪ ಬಿಜಾಪುರ ಜಿಲ್ಲೆಯವನು. ಅವನ ಊರಿನ ಬೆನ್ನಿಗೆ ಸುಣ್ಣಗಲ್ಲಿನ ಗುಡ್ಡವೊಂದು ಗೋಡೆಯಂತೆ ನಿಂತಿತ್ತು. ಆ ಬೋಳು ಗೋಡೆಯ ಸೀಳುಗಳಲ್ಲಿ ಕಳ್ಳಿ, ಗೌರಿಹೂವಿನ ಬಳ್ಳಿ, ನಡುವೆ ಒಂದೇ ಒಂದು ಕಲ್ಲರಳಿ. ಅದರ ಬೇರುಗಳು ಕರಗಿದ ಮೇಣದಂತೆ ಬಂಡೆಯ ಮೇಲೆ ಹರಿದು ಕೆಳಗಿಳಿದಿದ್ದವು. ತನ್ನ ಅಜ್ಜನ ಅಜ್ಜನಿಗೂ ಮರ ಇಷ್ಟೇ ಇತ್ತೆಂದು ದಾನಪ್ಪನ ಅಜ್ಜ ಹೇಳುತ್ತಿದ್ದ. ಇದು ಪುರಾವೆಯಲ್ಲ, ಮುದುಕರ ಮಾತಿನಲ್ಲಿ ಎಲ್ಲ ಮರಗಳೂ ಹಳೆಯವೇ. ಆದರೆ ಹತ್ತೊಂಬತ್ತರ ವಯಸ್ಸಿನಲ್ಲಿ, ಸುಣ್ಣದ ಭಟ್ಟಿಗೆ ಕಲ್ಲು ಬೇಕೆಂದು ಆ ಮರದ ಬುಡಕ್ಕೆ ಮದ್ದು ತುಂಬಿ ಬತ್ತಿಗೆ ಬೆಂಕಿ ಇಟ್ಟವನು ದಾನಪ್ಪನೇ. ಮರ ಮುರಿಯಲಿಲ್ಲ. ಬೇರುಗಳಲ್ಲಿ ಹಿಡಿದುಕೊಂಡಿದ್ದ ಹಾಸುಗಲ್ಲಿನ ಸಮೇತ ನಿಂತ ಹಾಗೆಯೇ ಕೆಳಗಿಳಿದು ಬಂದಿತು. ಅಜ್ಜ ಬೈಯಲಿಲ್ಲ; ಸಾಯುವವರೆಗೂ ಅವನೊಡನೆ ಮಾತಾಡಲಿಲ್ಲ.

ಮುಂಬಯಿಯ ಕಲ್ಲು ಬೇರೆ: ಕರಿಯದು, ಉಳಿಯ ಮೂತಿ ತಿರುಚುವಷ್ಟು ಗಟ್ಟಿ. ಸಾವಿರದ ಒಂಬೈನೂರ ಅರವತ್ತೆಂಟರ ಬೇಸಿಗೆಯಲ್ಲಿ ಖದಾನಿನ ಪಡುವಣ ಮೂಲೆಯ ಸರದಿ ಬಂದಾಗ, ಅಲ್ಲಿನ ಕಡಿದಾದ ಬಂಡೆಯಲ್ಲಿ ದಾನಪ್ಪ ಇನ್ನೊಂದು ಕಲ್ಲರಳಿಯನ್ನು ಕಂಡ. ಅದೇ ಎತ್ತರ, ಅದೇ ದಪ್ಪ; ಇದಕ್ಕೂ ಮುನ್ನೂರು ವರ್ಷವಾಗಿದೆಯೆಂದು ಅವನು ಎಣಿಸಿದ. ಮದ್ದು ತುಂಬಲು ಹನ್ನೆರಡು ಕುಳಿ ಕೊರೆಯಬೇಕೆಂದು ಮೇಸ್ತ್ರಿ ಬಸವಂತಪ್ಪ ಗುರುತು ಹಾಕಿದ್ದ. ಹನ್ನೆರಡನೆಯದು ಮರದ ಬೇರಿನ ಸಂದಿಯಲ್ಲಿತ್ತು.

ಕುಳಿ ಕೊರೆಯಲು ಇಬ್ಬರು ಬೇಕು. ಒಬ್ಬ ಉಳಿ ಹಿಡಿದು ಹೊಡೆಯುತ್ತಾನೆ; ಇನ್ನೊಬ್ಬರು ಕೊಡದಿಂದ ನೀರು ಹನಿಸುತ್ತ ಕಲ್ಲಿನ ಕೆಸರನ್ನು ಬಳಿದು ತೆಗೆಯುತ್ತಾರೆ. ನೀರಿಲ್ಲದೆ ಉಳಿ ಇಳಿಯುವುದಿಲ್ಲ. ದಾನಪ್ಪನಿಗೆ ನೀರು ಹನಿಸುತ್ತಿದ್ದವಳು ರುದ್ರವ್ವ, ಅದೇ ಸೀಮೆಯಿಂದ ಬಂದ ವಿಧವೆ. ಹನ್ನೊಂದು ಕುಳಿಗಳಾದ ಮೇಲೆ ಅವನು ಹೇಳಿದ:

“ತಂಗೀ, ನೀ ಹೋಗಿ ಬುತ್ತಿ ಬಿಚ್ಚು. ಇದೊಂದು ಸಣ್ಣದೈತಿ, ನಾ ಒಬ್ಬನs ಹೊಡಕೋತೀನಿ.”

“ನೀರು?”

“ಕೊಡ ಇಲ್ಲೇ ಇಡು.”

ಅವಳು ಇಳಿದು ಹೋದ ಮೇಲೆ, ಕೆಳಗಿದ್ದವರಿಗೆ ಸದ್ದು ಕೇಳಿಸಲೆಂದು ದಾನಪ್ಪ ಬರಿಯ ಬಂಡೆಗೆ ಉಳಿ ಇಟ್ಟು ಹೊಡೆದ. ಬೇರಿನ ಸಂದಿಗೆ ಒಂದು ಮುಷ್ಟಿ ಜೇಡಿಮಣ್ಣು ಮೆತ್ತಿ, ಅದರಲ್ಲಿ ಬತ್ತಿಯ ಒಂದು ತುಂಡನ್ನು ಚುಚ್ಚಿದ. ಉಳಿದ ಹನ್ನೊಂದು ಕುಳಿಗಳಿಗೆ ಮಾತ್ರ ಮದ್ದು ತುಂಬಿದ. ಮಧ್ಯಾಹ್ನ ಎಲ್ಲರೂ ಮರೆಗೆ ನಿಂತು ಸಿಡಿತವನ್ನು ಎಣಿಸಿದರು.

“ಎಷ್ಟಾದುವಲೇ ದಾನ್ಯಾ?” ಎಂದ ಬಸವಂತಪ್ಪ.

“ಹನ್ನೊಂದರಿ.”

“ತುಂಬಿದ್ದು?”

“ಹನ್ನೆರಡು.”

ಮೇಸ್ತ್ರಿ ತಂಬಾಕು ಉಗುಳಿದ. “ಹದಿನೈದು ವರ್ಷದ ಕೈ ನಿಂದು! ಬಳಿ ತೊಟ್ಟ ಕೈಗಿಂತ ಕಡಿಮಿ ಆತೇನಲೇ?”

“ಬಳಿ ತೊಟ್ಟ ಕೈ ನೀರು ಹಾಕದಿದ್ರ ನಿಮ್ಮ ಉಳಿ ಎರಡು ಬೊಟ್ಟೂ ಇಳಿಯೂದಿಲ್ರಿ ಮೇಸ್ತ್ರಿ,” ಎಂದು ರುದ್ರವ್ವ ದೂರದಿಂದಲೇ ಕೂಗಿದಳು. ಎಲ್ಲರೂ ನಕ್ಕರು.

ಸಿಡಿಯದೆ ಉಳಿದ ಕುಳಿಯ ಸುತ್ತ ಸುಣ್ಣದ ಬಳೆ ಬಳಿಯುವುದು ಅವರ ಕಟ್ಟಳೆ. ಬಳೆಯೊಳಗೆ ಯಾರೂ ಉಳಿ ಇಡಕೂಡದು. ಮೂಲೆಯನ್ನು ಬಿಟ್ಟು ಕೆಲಸ ಮೂಡಣ ಗೋಡೆಗೆ ಸರಿಯಿತು. ಇನ್ನೊಂದು ಕಟ್ಟಳೆಯೂ ಇತ್ತು: ಕುಳಿ ಸತ್ತಿದೆಯೆಂದು, ಅಂದರೆ ಅದರ ಮದ್ದು ಇನ್ನು ಸಿಡಿಯದೆಂದು, ಖಾತ್ರಿಯಾಗುವವರೆಗೆ ಅದನ್ನು ತುಂಬಿದವನ ಜೊತೆ ಯಾರೂ ಉಳಿ ಹಿಡಿಯುವುದಿಲ್ಲ, ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದಿಲ್ಲ. ದಾನಪ್ಪನ ಕೈಗೆ ಕೆಂಪು ಬಾವುಟ ಬಂದಿತು. ಸಿಡಿತದ ಹೊತ್ತಿಗೆ ಖದಾನಿನ ಅಂಚಿನಲ್ಲಿ ನಿಂತು ದಾರಿಹೋಕರನ್ನು ತಡೆಯುವುದು, ಉಳಿದ ಹೊತ್ತು ಸುಮ್ಮನೆ ಕೂರುವುದು. ಒಂದು ತಿಂಗಳಿಗೆ ಮರೆತಾರೆಂದು ಅವನು ಎಣಿಸಿದ್ದ. ಅವರು ಅವನಿಗೆ ‘ಮೂಕಕುಳಿ’ ಎಂದು ಹೆಸರಿಟ್ಟರು.

ಪ್ರತಿ ಮಳೆಗಾಲ ಸುಣ್ಣವನ್ನು ತೊಳೆದುಬಿಡುತ್ತಿತ್ತು. ದಸರೆಯ ಹೊತ್ತಿಗೆ ದಾನಪ್ಪ ಡಬ್ಬಿ ಹಿಡಿದು ಹತ್ತಿ ಹೊಸ ಬಳೆ ಬಳಿಯುತ್ತಿದ್ದ. ಊರಿನಲ್ಲಿ ಮರವನ್ನು ಕೆಡವಿದ್ದು ಸುಣ್ಣಕ್ಕಾಗಿ. ಇಲ್ಲಿ ಅದೇ ಸುಣ್ಣ ಮರವನ್ನು ಕಾಯುತ್ತಿತ್ತು. ಅವನಿಗೆ ಇದು ಹೊಳೆದಿದ್ದರೂ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಉಣ್ಣುವ ಹೊತ್ತಿನಲ್ಲಿ ಕೆಳಗಿನಿಂದ ಬರುವ ಮಾತು, ನಗು ಅಂಚಿನವರೆಗೂ ಕೇಳಿಸುತ್ತಿತ್ತು. ಯಾವ ಮಾತಿಗೆ ನಕ್ಕರೆಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಬಿಸಿ ರೊಟ್ಟಿ ತಂದು ಬಂಡೆಯ ಮೇಲಿಟ್ಟು, ಮಾತಾಡದೆ ಇಳಿದುಹೋಗುತ್ತಿದ್ದವಳು ರುದ್ರವ್ವ ಒಬ್ಬಳೇ. ಅದನ್ನು ಅವನು ಕನಿಕರವೆಂದುಕೊಂಡ. ಕನಿಕರದೆದುರು ಬಾಯಿ ಬಿಡಲು ಮನಸ್ಸಾಗಲಿಲ್ಲ.

ಎಪ್ಪತ್ತಾರರಲ್ಲಿ ಬಸವಂತಪ್ಪ ತಾನಾಗಿಯೇ ಅಂಚಿಗೆ ಬಂದ. ವಯಸ್ಸು ಅವನನ್ನೂ ಮೆತ್ತಗಾಗಿಸಿತ್ತು.

“ಎಂಟ ಮಳಿಗಾಲ ಆತೋ ದಾನಪ್ಪ. ಇನ್ನ ಅದರಾಗ ಏನ ಉಳದಿರತೈತಿ? ನಾಳೆ ಕಟಗಿ ಕೋಲ ತಗೊಂಡು ಕೆದರಿ ನೋಡು. ಸತ್ತೈತಿ ಅಂತ ಒಂದ ಮಾತ ಹೇಳು, ಮತ್ತ ನಮ್ಮ ಸಾಲಿನ್ಯಾಗ ಬಂದು ಕುಂದರು. ಆ ಮೂಲೀನೂ ಒಡದ ಹಾಕೋಣ.”

ದಾನಪ್ಪ ಕೆಳಗೆ ನೋಡಿದ. ಬುತ್ತಿಯ ಗಂಟುಗಳು ಸಾಲಾಗಿ ಬಿಚ್ಚಿಕೊಂಡಿದ್ದವು. ಒಂದು ಮಾತು ಸಾಕಿತ್ತು.

“ಹಳೇ ಜೆಲಟಿನ್ ಮದ್ದು ಬೆವರತೈತ್ರಿ ಮೇಸ್ತ್ರಿ. ಹೊಸಾದ್ದಕ್ಕಿಂತ ಕೆಟ್ಟದ್ದದು,” ಎಂದ. “ಬ್ಯಾಡ್ರಿ. ಅದರಾಗ ಇನ್ನೂ ಜೀವ ಐತಿ.”

ಜೆಲಟಿನ್ನಿನ ಬಗ್ಗೆ ಅವನು ಹೇಳಿದ್ದು ನಿಜ. ಅಲ್ಲಿ ಜೆಲಟಿನ್ ಇರಲಿಲ್ಲ, ಅಷ್ಟೆ. ಬಸವಂತಪ್ಪ ತಲೆಯಾಡಿಸುತ್ತ ಇಳಿದು ಹೋದ; ಮತ್ತೆ ಕರೆಯಲಿಲ್ಲ.

ಮರುವರ್ಷ ಮಳೆಗೆ ಮೊದಲೇ ದಾನಪ್ಪ ತೀರಿಕೊಂಡ. ಎದೆಯಲ್ಲಿ ಕಲ್ಲಿನ ಧೂಳು ಕೂತಿದೆ ಎಂದಿದ್ದರು ಡಾಕ್ಟರು. ಎಪ್ಪತ್ತೊಂಬತ್ತರಲ್ಲಿ, ಸುತ್ತ ಬಿಲ್ಡಿಂಗುಗಳು ಎದ್ದದ್ದರಿಂದ, ಖದಾನೂ ನಿಂತಿತು. ಕೊನೆಯ ದಿನ ಉಳಿ, ಸುತ್ತಿಗೆಗಳನ್ನು ಗಂಟು ಕಟ್ಟಿಸುತ್ತಿದ್ದ ಬಸವಂತಪ್ಪನ ಕಣ್ಣು ಪಡುವಣ ಮೂಲೆಗೆ ಹೋಯಿತು. ಮರ ಇದ್ದಷ್ಟೇ ಇತ್ತು. ಅದರ ಬುಡದಲ್ಲಿ ಸುಣ್ಣದ ಬಳೆ ಬೆಳ್ಳಗೆ ಹೊಳೆಯುತ್ತಿತ್ತು.

“ಬಿಲ್ಡಿಂಗಿನವರಿಗೆ ಹೇಳಿ ಹೋಗಬೇಕು, ಅಲ್ಲೊಂದು ಜೀವಂತ ಕುಳಿ ಐತಿ ಅಂತ,” ಎಂದವನು ಅಲ್ಲಿಗೇ ತಡೆದ. “ಅಲ್ಲಾ, ಅಂವಾ ಸತ್ತು ಎರಡ ವರ್ಷ ಆತು. ಬಳಿ ಬಳದವರು ಯಾರು?”

“ನಾನs,” ಎಂದಳು ರುದ್ರವ್ವ. “ಯಾರಿಗೂ ಏನೂ ಹೇಳೂದ ಬ್ಯಾಡ್ರಿ. ಅಲ್ಲಿ ಕುಳಿ ಇಲ್ಲ.”

“ನಿನಗೇನ ಗೊತ್ತು?”

“ಅವತ್ತ ಬುತ್ತಿ ಉಂಡು, ಮದ್ದ ಸಿಡಿಯೂಕಿಂತ ಮೊದಲ ಮ್ಯಾಲ ಹತ್ತಿ ಬಂದ್ನೆರಿ ಮೇಸ್ತ್ರಿ. ನನ್ನ ಕೊಡ ಇಟ್ಟಲ್ಲೇ ಇತ್ತು. ಒಂದ ಹನಿ ನೀರೂ ಕಡಿಮಿ ಆಗಿರಲಿಲ್ಲ.”