ಹೆಸರು ತೋರಿಸದ ಮೆಸೇಜು

ಲಿಂಕ್ ಒತ್ತುವ ಮೊದಲು ನನಗೆ ಕಳಿಸಿರಿ ಎಂದು ಊರಿಗೆಲ್ಲ ಹೇಳಿಟ್ಟವನು ನಾನೇ. ರಾಮದುರ್ಗದಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನನ್ನದು. ಪಹಣಿ, ಪಿಂಚಣಿ, ರೇಷನ್ ಕಾರ್ಡು ಎಂದು ಬರುವವರು ಅನುಮಾನದ ಮೆಸೇಜುಗಳನ್ನೂ ನನಗೆ ಫಾರ್ವರ್ಡ್ ಮಾಡುತ್ತಾರೆ. ಖರೆಯೋ ಫ್ರಾಡೋ ಎಂದು ನಾನು ತೀರ್ಪು ಕೊಡಬೇಕು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಅಂಗೈ ಮೇಲೆ ತುರಿಕೆಯಿಲ್ಲದ ಕೆಂಪು ಕಲೆಗಳು ಎದ್ದಾಗ ಊರಲ್ಲಿ ತೋರಿಸಲಿಲ್ಲ. ಗುರುತಿನವರು ಕಂಡಾರೆಂದು ಬೈಲಹೊಂಗಲಕ್ಕೆ ಹೋದೆ. ರಕ್ತ ಪರೀಕ್ಷೆ ಮಾಡಿಸಿದ ಲೇಡಿ ಡಾಕ್ಟರ್, ಇದು ಸಿಫಿಲಿಸ್, ಇಂಜೆಕ್ಷನ್ನಿಗೆ ವಾಸಿಯಾಗುತ್ತದೆ ಎಂದರು. ಆದರೆ ಇದು ಕೂಡಿದವರಿಂದ ಹರಡುವ ರೋಗ, ಜೋಡಿ ಮಲಗಿದವರಿಗೂ ತಿಳಿಸಲೇಬೇಕು, ಹೇಳಲು ನಾಚಿಕೆಯಾದರೆ ಹೆಸರು ತೋರಿಸದೆ ಮೆಸೇಜು ಕಳಿಸುವ ವೆಬ್‌ಸೈಟ್ ಇದೆ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ರೋಗದ ಚಿಂತೆ ಅರ್ಧ ಮರೆತು ಆ ವೆಬ್‌ಸೈಟಿನಲ್ಲಿ ಮುಳುಗಿದೆ. ಯಾವ ನಂಬರಿನಿಂದ ಹೋಗುತ್ತದೆ? ಹೆಸರು ನಿಜಕ್ಕೂ ಕಾಣುವುದಿಲ್ಲವೇ? ಮೊದಲು ನನಗೇ ಒಂದು ಕಳಿಸಿಕೊಂಡೆ. ಕಳಿಸಿದವನು ನಾನೇ ಆದರೂ ಬಂದಾಗ ಎದೆ ಧಸಕ್ಕೆಂದಿತು. ಇಂಗ್ಲಿಷಿನಲ್ಲಿತ್ತು, ಕೆಳಗೊಂದು ಲಿಂಕಿತ್ತು. ನಮ್ಮದೇ ಮಾತು ಸೇರಿಸಲು ಜಾಗವಿತ್ತು. ದಿನವಿಡೀ ಅರ್ಜಿ ಬರೆಯುವ ಕೈ, ಬಿಟ್ಟೀತೇ? "ತಮ್ಮ ಜೊತೆ ಸಂಬಂಧ ಹೊಂದಿದ್ದ ಒಬ್ಬರಿಗೆ ಸಿಫಿಲಿಸ್ ದೃಢಪಟ್ಟಿದ್ದು, ತಾವು ಕೂಡಲೇ ರಕ್ತ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು" ಎಂದು ಬರೆದೆ. ಎರಡು ನಂಬರ್ ಹಾಕಿದೆ. ಒಂದು, ಪ್ರಯಾಣದಲ್ಲಿ ಒಂದೇ ಸಲ ಸಿಕ್ಕವಳದು. ಇನ್ನೊಂದು, ಗಂಡ ತೀರಿದ ಮೇಲೆ ಕಿತ್ತೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟವಳದು. ಮೂರು ವರ್ಷದಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಬೇಕಾದವರು.

ಅರ್ಧ ತಾಸಿನಲ್ಲಿ ನನ್ನ ಮೆಸೇಜು ನನಗೇ ಮರಳಿ ಬಂತು, ಕಿತ್ತೂರಿನಿಂದ. ಕೆಳಗೆ ಅವಳ ಪ್ರಶ್ನೆಯಿತ್ತು: "ಇದು ಫ್ರಾಡ್ ಐತೇನ್ರಿ? ಲಿಂಕ್ ಒತ್ತಿಲ್ಲ ನಾ, ನಿಮಗ ಕಳಿಸೇನಿ."

ಹೌದು ಎಂದು ಬರೆದರೆ ಸಾಕಿತ್ತು. ಅವಳು ಅಳಿಸಿಹಾಕಿ ಹೊಲಿಗೆಗೆ ಕೂರುತ್ತಿದ್ದಳು. ನನ್ನ ಮಾನ ಉಳಿಯುತ್ತಿತ್ತು, ರೋಗ ಅವಳ ಮೈಯಲ್ಲಿ ಉಳಿಯುತ್ತಿತ್ತು. ಆ ಎರಡಕ್ಷರ ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಫೋನ್ ಹಚ್ಚಿದೆ.

"ಖರೇ ಐತಿ," ಅಂದೆ. "ನಾನ ಕಳಿಸೇನಿ."

ಹೊಲಿಗೆ ಮಷಿನ್ನಿನ ಸದ್ದು ನಿಂತಿತು.

"ಜೊತೆ ಇದ್ದ ಒಬ್ಬರಿಗೆ ಅಂತ ಬರದಿತ್ತು," ಅಂದಳು. "ನನಗ ಇರೋದು ನೀವೊಬ್ರ. ನೀವು ಅಂಥವರಲ್ಲಂತ ಫ್ರಾಡ್ ಅನ್ಕೊಂಡೆ."

ಆಮೇಲೆ ಬೈಲಹೊಂಗಲದ ಡಾಕ್ಟರ್ ಎಷ್ಟು ಗಂಟೆಗೆ ಬರುತ್ತಾರೆ ಎಂದು ಕೇಳಿದಳು. ಹೇಳಿದೆ. ಜೊತೆಗೆ ನಾನೂ ಬರುತ್ತೇನೆ ಎಂದದ್ದಕ್ಕೆ ಬೇಡವೆಂದಳು. ಒಬ್ಬಳೇ ಹೋಗಿ ಇಂಜೆಕ್ಷನ್ ಮಾಡಿಸಿಕೊಂಡು ಬಂದಳು, ಈಗ ಆರಾಮಾಗಿದ್ದಾಳೆ. ಅನುಮಾನದ ಮೆಸೇಜುಗಳು ಅವಳಿಗೆ ಈಗಲೂ ಬರುತ್ತಿರಬೇಕು. ನನಗೆ ಒಂದನ್ನೂ ಕಳಿಸುವುದಿಲ್ಲ.