ನಲವತ್ತು ಗಂಟೆಗೊಂದು ಜಾಗ

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಬೆಳಿಗ್ಗೆ ಆರಕ್ಕೆ ನೀರು ಬಂದರೆ ಆರೂಮುಕ್ಕಾಲಿಗೆ ನಿಲ್ಲುತ್ತದೆ. ಆ ಮುಕ್ಕಾಲು ಗಂಟೆ ನನಗೆ ಕಿವಿಯೇ ಇರುವುದಿಲ್ಲ ಎಂಬುದು ಯಜಮಾನರ ದೂರು. ಅಂದೂ ಹಾಗೆಯೇ. ಡ್ರಮ್ಮು ತುಂಬಿಸಿ, ಹಾಲು ಕಾಯಿಸಿ, ಅವರ ಡಬ್ಬಿಗೆ ಚಪಾತಿ ಮತ್ತು ತೊಂಡೆಕಾಯಿ ಪಲ್ಯ ಹಾಕಿ, ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಒತ್ತಿ ನೋಡಿದ ಮೇಲೆಯೇ ಫ್ರಿಜ್ಜಿನ ಮೇಲಿಂದ ನನ್ನ ನೀಲಿ ನೋಟ್ ಪುಸ್ತಕ ಇಳಿಸಿದ್ದು.

"ಇವತ್ತು ಯಾರನ್ನ ಎಲ್ಲಿಗೆ ಸೇರಿಸ್ತಿದ್ದೀ?" ಯಜಮಾನರು ಬೂಟಿನ ಲೇಸು ಕಟ್ಟುತ್ತ ಕೇಳಿದರು.

ಮದುವೆ ದಲ್ಲಾಳಿಯನ್ನು ಕೇಳುವ ಧಾಟಿ. ಅವರದೇನೂ ತಪ್ಪಿಲ್ಲ, ನಾನು ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಒಂದು ಕಡೆ, ಇಷ್ಟು ಗಂಟೆ ಸಮುದಾಯ ಸೇವೆ ಮಾಡಿ ಬಾ ಎಂದು ನ್ಯಾಯಾಲಯ ಹೇಳಿ ಕಳಿಸಿದ ಮನುಷ್ಯರು. ಇನ್ನೊಂದು ಕಡೆ, ಕೆಲಸಕ್ಕೆ ಜನ ಸಾಲುವುದಿಲ್ಲ ಎಂದು ವರ್ಷವಿಡೀ ಗೊಣಗುವ ಸಂಸ್ಥೆಗಳು. ನಡುವೆ ನಾನು ಮತ್ತು ನನ್ನ ನೋಟ್ ಪುಸ್ತಕ. ದಲ್ಲಾಳಿಯಾದರೋ ವರನ ದೋಷವನ್ನು ಸ್ವಲ್ಪ ಮುಚ್ಚಿಟ್ಟು ಮಾತಾಡಬಹುದು. ನಾನು ಮೊದಲ ಮಾತಿನಲ್ಲೇ ಹೇಳಿಬಿಡಬೇಕು. ನನ್ನ ಸಂಬಂಧಗಳು ಅಷ್ಟು ಬೇಗ ಕುದುರದಿರಲು ಅದೇ ಕಾರಣ.

ಈ ಕೆಲಸ ನನ್ನ ಕೊರಳಿಗೆ ಬಿದ್ದದ್ದು ನಾದಿನಿಯ ಮಗ ಪ್ರಭಾಕರನಿಂದ. ಅವನು ಕಲ್ಯಾಣದ ಕೋರ್ಟಿನಲ್ಲಿ ವಕೀಲ. ಹೊಸ ಕಾನೂನಿನಲ್ಲಿ ಕೆಲವು ಸಣ್ಣ ಅಪರಾಧಗಳಿಗೆ ಜೈಲಿನ ಬದಲು ಸಮುದಾಯ ಸೇವೆ ವಿಧಿಸಬಹುದು ಎಂದು ಬಂದಿತಲ್ಲ, ಆಮೇಲೆ ಒಂದು ದಿನ ಚಹಾ ಕುಡಿಯುತ್ತ, "ಅತ್ತೆ, ಸೇವೆ ಮಾಡು ಅಂತ ಆರ್ಡರ್ ಆಗತ್ತೆ, ಯಾರ ಬಾಗಿಲು ತಟ್ಟಬೇಕು ಅಂತ ಯಾರಿಗೂ ಗೊತ್ತಿಲ್ಲ. ನಿಮಗೆ ಊರೆಲ್ಲ ಪರಿಚಯ" ಎಂದ. ಭಜನಾ ಮಂಡಳಿ, ಹಳದಿ ಕುಂಕುಮ, ಕಟ್ಟಡದ ಕಮಿಟಿ ಎಂದು ತಿರುಗುವ ಗೃಹಿಣಿಗೆ ಯಾರಾದರೂ ಹಾಗೆಂದರೆ ಮುಗಿಯಿತು. ಕುಡಿದು ರಿಕ್ಷಾ ಸ್ಟ್ಯಾಂಡಿನ ನಡುವೆ ನಿಂತು ಭಾಷಣ ಮಾಡಿದ ಗೃಹಸ್ಥರೊಬ್ಬರಿಗೆ ವಾಚನಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸ ಕೊಡಿಸಿದ್ದೆ. ಗಂಟೆಗಳು ಮುಗಿದ ಮೇಲೂ ಅವರು ಅಲ್ಲಿ ದಿನಾ ಪೇಪರು ಓದುತ್ತ ಕೂರುತ್ತಾರೆ. ಅಂದಿನಿಂದ ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು ಎನ್ನಿ.

ಶಿಕ್ಷೆ ಮತ್ತು ಸೇವೆಯ ವಿಷಯದಲ್ಲಿ ನನ್ನ ಮೊದಲ ಪಾಠ ನಡೆದದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಕ್ಲಾಸಿನಲ್ಲಿ ತುಳು ಮಾತಾಡಿದ್ದಕ್ಕೆ ಸಿಸ್ಟರು ಪ್ರಾರ್ಥನಾ ಮಂದಿರದ ಹಿತ್ತಾಳೆಯ ಮೇಣದಬತ್ತಿ ಕಂಬಗಳನ್ನು ಉಜ್ಜಲು ಕಳಿಸುತ್ತಿದ್ದರು. ಮನೆಯಲ್ಲಿ ದೇವರ ದೀಪ ಬೆಳಗಿ ಅಭ್ಯಾಸವಿದ್ದ ನಾನು ಹುಣಸೆಹಣ್ಣು ಕೊಂಡೊಯ್ದು ಫಳಫಳ ಹೊಳೆಯಿಸಿಟ್ಟೆ. ಮರುವಾರ ನಾಲ್ಕು ಹುಡುಗಿಯರು ಬೇಕೆಂದೇ ತುಳು ಮಾತಾಡಿದರು. ಸಿಸ್ಟರು ಆ ಶಿಕ್ಷೆಯನ್ನೇ ರದ್ದುಮಾಡಿದರು. ಯೋಚಿಸಿದರೆ ವಿಚಿತ್ರವೇ. ದೊಡ್ಡ ಕ್ಷೇತ್ರಗಳಲ್ಲಿ ನೆಲ ಒರೆಸಲು, ಎಲೆ ತೆಗೆಯಲು ಜನ ತಿಂಗಳ ಮೊದಲೇ ಹೆಸರು ಬರೆಸಿ ಕಾಯುತ್ತಾರೆ. ಅದೇ ಕೆಲಸಕ್ಕೆ ನ್ಯಾಯಾಧೀಶರು ಯಾರನ್ನಾದರೂ ಕಳಿಸಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಕಸಬರಿಕೆ ಒಂದೇ, ಕಸವೂ ಒಂದೇ. ಹಿಡಿದ ಕೈ ಯಾರದೆನ್ನುವುದೇ ಎಲ್ಲರಿಗೂ ಮುಖ್ಯ.

ಅಂದು ನಾನು ಜಾಗ ಹುಡುಕಬೇಕಾಗಿದ್ದುದು ಸುಮಿತ್ರಾ ಎನ್ನುವವಳಿಗೆ. ಹೆಸರು ಬದಲಿಸಿದ್ದೇನೆ. ನಲವತ್ತಾರರ ಹೆಂಗಸು. ಗದಗದ ಕಡೆಯವಳು, ಬದಲಾಪುರದಲ್ಲಿ ಮನೆ. ಗಂಡ ಉಲ್ಹಾಸನಗರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಒಂದು ಮಧ್ಯಾಹ್ನ ಕಲ್ಯಾಣ ಸ್ಟೇಷನ್ನಿನ ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಬಾರು ಕಿತ್ತಿತು. ಸೇಫ್ಟಿ ಪಿನ್ ಚುಚ್ಚಿಕೊಂಡು ಕಾಲೆಳೆಯುತ್ತ ನಡೆದವಳು ದೊಡ್ಡ ಅಂಗಡಿಯೊಂದಕ್ಕೆ ಹೊಕ್ಕಳು, ಒಂದು ಜೊತೆ ಮೆಟ್ಟಿ ನೋಡಿದಳು, ಮೆಟ್ಟಿಕೊಂಡೇ ಹೊರಗೆ ನಡೆದಳು. ಗೇಟಿನಲ್ಲಿ ಹಿಡಿದರು. ಚಪ್ಪಲಿ ಅಂಗಡಿಗೆ ವಾಪಸಾಯಿತು. ಮೊದಲ ತಪ್ಪು ಎಂದು ನ್ಯಾಯಾಧೀಶರು ನಲವತ್ತು ಗಂಟೆ ಸೇವೆ ವಿಧಿಸಿದರು.

"ಹಳೇವು ಅಲ್ಲೇ ಜೋಡಿಸಿ ಇಟ್ಟು ಬಂದಿದ್ನಿರೀ" ಎಂದಿದ್ದಳು, ಮೊದಲ ಸಲ ಕಂಡಾಗ. ಅದೊಂದು ಸಮಜಾಯಿಷಿ ಎಂದು ಅವಳೇ ನಂಬಿದಂತಿರಲಿಲ್ಲ.

ಒಪ್ಪಿಕೊಂಡಿದ್ದ ಸಂಸ್ಥೆಯೊಂದು ಕೊನೆ ಗಳಿಗೆಯಲ್ಲಿ ಹಿಂದೆ ಸರಿದಿತ್ತು. ಮರುದಿನ ಹನ್ನೊಂದಕ್ಕೆ ಕೋರ್ಟಿನಲ್ಲಿ ಬೇರೆ ಸಂಸ್ಥೆಯ ಒಪ್ಪಿಗೆ ಪತ್ರ ಕೊಡದಿದ್ದರೆ ಜೈಲಿನ ಮಾತು ಬರಬಹುದು ಎಂದು ಪ್ರಭಾಕರ ಹೇಳಿದ್ದ. ನನ್ನ ಕೈಯಲ್ಲಿದ್ದದ್ದು ಒಂದೇ ಹಗಲು. ಇಂದು ಜಾಗ ಸಿಗದೆ ಮನೆಗೆ ಬರುವುದಿಲ್ಲ ಎಂದು ನೋಟ್ ಪುಸ್ತಕದ ಮೇಲೆ ಕೈಯಿಟ್ಟು ನನಗೆ ನಾನೇ ಹೇಳಿಕೊಂಡೆ. ಸಂಜೆಯ ಅಡುಗೆಗೆ ಕಾಳು ನೆನೆಹಾಕಿಯೇ ಹೊರಟೆ ಅನ್ನುವುದು ಬೇರೆ ಮಾತು.

ಮೊದಲು ಕಾಮೋಠೆಯ ವೃದ್ಧಾಶ್ರಮಕ್ಕೆ ಫೋನು. "ನಮ್ಮಲ್ಲಿ ಬರ್ತ್‌ಡೇ ಊಟಗಳೇ ಮುಂದಿನ ತಿಂಗಳವರೆಗೆ ಫುಲ್ ಮೇಡಂ" ಎಂದರು ಅಲ್ಲಿನ ಮೇಲ್ವಿಚಾರಕಿ. ಊಟ ಹಾಕಿಸಲು ಅಲ್ಲ, ಕೆಲಸ ಮಾಡಲು ಎಂದೆ. ಸ್ವರ ಅರಳಿತು. ಯಾವ ಕೇಸು ಎಂದು ಹೇಳಿದೆ. ಸ್ವರ ಮುದುಡಿತು. "ನಮ್ಮ ಅಜ್ಜಿಯರ ಕೈಯಲ್ಲಿ ಬಂಗಾರದ ಬಳೆ ಇರ್ತವೆ, ನೀವೇ ವಿಚಾರ ಮಾಡಿ." ವಿಚಾರ ಮಾಡಿದೆ. ಅವರನ್ನು ಬೈಯಲು ಆಗಲಿಲ್ಲ. ಏಕೆಂದರೆ ಅದಾಗಿ ಅರ್ಧ ಗಂಟೆಗೆ ನಾನೇನು ಮಾಡಿದೆ ಕೇಳಿ.

ಠಾಣೆ ಪಟ್ಟಣಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ಸುಮಿತ್ರಾ ಬದಲಾಪುರದಿಂದಲೇ ನನಗೂ ಜಾಗ ಹಿಡಿದಿಟ್ಟಿದ್ದಳು. ಹೆಂಗಸರ ಬೋಗಿಯಲ್ಲಿ ಜಾಗ ಹಿಡಿದಿಡುವುದೆಂದರೆ ಸಣ್ಣ ಉಪಕಾರವಲ್ಲ. ಅವಳು ಸರಿದು ಕೊಟ್ಟಳು, ನಾನು ಪಕ್ಕದಲ್ಲಿ ಕೂತೆ. ಕೂತವಳೇ ಪರ್ಸನ್ನು ಅವಳಿದ್ದ ಬದಿಯಿಂದ ಎತ್ತಿ ಈ ಬದಿಗೆ ಇಟ್ಟುಕೊಂಡೆ. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಮಾಡಿತು. ಅವಳು ಎರಡೂ ಕೈಗಳನ್ನು ತೊಡೆಯ ಮೇಲೆ, ಎಲ್ಲರಿಗೂ ಕಾಣುವಂತೆ, ಒಂದರ ಮೇಲೊಂದು ಇಟ್ಟುಕೊಂಡಳು. ಠಾಣೆ ಬರುವತನಕ ಆ ಕೈಗಳು ಅಲುಗಲಿಲ್ಲ. ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ನೋಡುತ್ತಿದ್ದೆ, ಏನನ್ನು ಕಂಡೆನೋ ಈಗ ನೆನಪಿಲ್ಲ.

ಠಾಣೆಯಲ್ಲಿ ನಮ್ಮ ಕನ್ನಡದವರ ಒಂದು ಸಂಘ. ಮಹಡಿ ಮೇಲೆ ಸಣ್ಣ ಕಚೇರಿ, ಕಪಾಟಿನ ತುಂಬ ಹಳೇ ಸ್ಮರಣಿಕೆಗಳು. ಕಾರ್ಯದರ್ಶಿಗಳು ಅರುವತ್ತೈದರ ಸಜ್ಜನರು. ಎಲ್ಲವನ್ನೂ ಕೇಳಿ ಕಣ್ಣಲ್ಲಿ ನೀರು ತಂದುಕೊಂಡರು.

"ಅಯ್ಯೋ, ನಮ್ಮ ಕಡೆ ಹೆಣ್ಮಗಳಲ್ವಾ? ಬಿಸಿಲಲ್ಲಿ ಯಾಕೆ ಓಡಾಡಿಸ್ತೀರಿ ಪಾಪ. ನಲವತ್ತು ಗಂಟೆ ತಾನೆ? ಈಗಲೇ ಮುಗಿಸಿಬಿಡೋಣ."

ಮುಗಿಸಿಯೇಬಿಟ್ಟರು. ಲೆಟರ್‌ಹೆಡ್ಡಿನ ಎರಡು ಹಾಳೆ ತೆಗೆದು, ಒಂದರಲ್ಲಿ ಸೇವೆಗೆ ಒಪ್ಪಿದ್ದೇವೆ ಎಂದೂ ಇನ್ನೊಂದರಲ್ಲಿ ಸೇವೆ ತೃಪ್ತಿಕರವಾಗಿ ಮುಗಿದಿದೆ ಎಂದೂ ಬರೆದು, ಎರಡಕ್ಕೂ ಸಹಿ ಮಾಡಿ, ರಬ್ಬರ್ ಸ್ಟಾಂಪು ಒತ್ತಿ, ಶಾಯಿ ಒಣಗಲೆಂದು ಊದಿ ಕೊಟ್ಟರು. ಎರಡನೆಯದಕ್ಕೆ ತಾರೀಖು ಮಾತ್ರ ಖಾಲಿ. "ನೀವೇ ಹಾಕ್ಕೊಳ್ಳಿ. ಅವರು ಬರೋದೇನೂ ಬೇಡ."

ಇದು ನಮ್ಮವರ ರೀತಿ. ಪರವೂರಲ್ಲಿ ನಮ್ಮ ಭಾಷೆ ಮಾತಾಡುವ ಮನುಷ್ಯ ಕಷ್ಟ ಎಂದು ಬಂದರೆ ಸಹಿಗೆ ಯಾರೂ ಹಿಂದುಮುಂದು ನೋಡುವುದಿಲ್ಲ. ವಿಳಾಸದ ದಾಖಲೆಗೆ, ಅನುಭವ ಪತ್ರಕ್ಕೆ, ಬಾಡಿಗೆ ಮನೆಯ ಜಾಮೀನಿಗೆ ಇದೇ ಧಾರಾಳ ಬುದ್ಧಿಯಿಂದ ಎಷ್ಟೋ ಸಂಸಾರಗಳು ಈ ಊರಲ್ಲಿ ಬೇರು ಬಿಟ್ಟಿವೆ, ನಮ್ಮದೂ ಸೇರಿ. ನಾನು ಎರಡೂ ಹಾಳೆಗಳನ್ನು ಮಡಿಸಿ ಪರ್ಸಿಗೆ ಹಾಕಿದೆ. ಸುಳ್ಳೇಕೆ, ಹಗುರಾಯಿತು. ಇನ್ನೂ ಹನ್ನೊಂದೂವರೆ. ಮನೆಗೆ ಹೋಗಿ ಊಟ ಮಾಡಿ ಒಂದು ನಿದ್ದೆ ತೆಗೆಯಬಹುದಿತ್ತು.

ಮೆಟ್ಟಿಲ ನಡುವೆ ಸುಮಿತ್ರಾ ನಿಂತಳು. "ಅಕ್ಕಾರ, ಒಂದು ಕೇಳ್ಲೇನ್ರಿ? ನಾ ಬರೂದು ಬ್ಯಾಡ ಅಂದ್ರಲ್ಲ... ನಾ ಬಂದ್ರ ಅವ್ರಿಗೆ ಏನು ತ್ರಾಸ ಆಕ್ಕಿತ್ತರಿ?"

ರೈಲಿನಲ್ಲಿ ನೋಡಿದ ಆ ಎರಡು ಕೈಗಳು ಕಣ್ಣ ಮುಂದೆ ಬಂದವು. ವೃದ್ಧಾಶ್ರಮದ ಮೇಲ್ವಿಚಾರಕಿ ಬೇಡ ಎಂದರು, ಈ ಸಜ್ಜನರೂ ಬೇಡ ಎಂದರು. ಒಬ್ಬರು ಭಯದಿಂದ, ಇನ್ನೊಬ್ಬರು ಕರುಣೆಯಿಂದ. ಇವಳಿಗೆ ಬೇಕಾಗಿದ್ದುದು ಕಾಗದ ಮಾತ್ರ ಎಂದು ನಾನೂ ತಿಳಿದುಬಿಟ್ಟಿದ್ದೆ. ಮೇಲೆ ಹತ್ತಿ ಹೋಗಿ ಹಾಳೆಗಳನ್ನು ಮೇಜಿನ ಮೇಲಿಟ್ಟೆ.

"ಈ ಕಾಲದಲ್ಲಿ ಉಪಕಾರ ಮಾಡಿದ್ರೂ ತಪ್ಪು!" ಕಾರ್ಯದರ್ಶಿಗಳಿಗೆ ನಿಜವಾಗಿ ನೋವಾಗಿತ್ತು. ಮುಂದಿನ ಗಣೇಶೋತ್ಸವಕ್ಕೆ ನನಗೆ ಆಹ್ವಾನ ಪತ್ರ ಬರುವುದು ಅನುಮಾನ.

ವಾಪಸು ಬರುವಾಗ ನಿಲ್ಲಲು ಮಾತ್ರ ಜಾಗ. ಪರ್ಸನ್ನು ಸುಮಿತ್ರಾಳ ಕೈಗೆ ಕೊಟ್ಟು, "ಸ್ವಲ್ಪ ಹಿಡ್ಕೊ, ನನಗೆ ಮೇಲಿನ ಹಿಡಿಕೆ ಎಟಕೋದಿಲ್ಲ" ಎಂದೆ. ಹಿಡಿಕೆ ಎಟಕುತ್ತಿತ್ತು. ಅವಳಿಗೂ ಅದು ಗೊತ್ತಾಯಿತು ಎಂದು ಕಾಣುತ್ತದೆ. ಪರ್ಸನ್ನು ಎದೆಗವಚಿ ಹಿಡಿದುಕೊಂಡಳು.

ನೋಟ್ ಪುಸ್ತಕದಲ್ಲಿ ಉಳಿದಿದ್ದದ್ದು ನಮ್ಮ ಡೊಂಬಿವಲಿಯ ದೇವಸ್ಥಾನ. ಟ್ರಸ್ಟು ಇದೆ, ಉಚಿತ ದವಾಖಾನೆಯಿದೆ, ಮಧ್ಯಾಹ್ನ ಊಟವೂ ಇದೆ. ಪೂಜೆಯ ಕೆಲಸ ಬೇಡ, ಬಂದವರಿಗೆಲ್ಲ ಉಪಯೋಗವಾಗುವ ಕೆಲಸವಿದ್ದರೆ ನಡೆಯಬಹುದು ಎಂದು ಪ್ರಭಾಕರ ಫೋನಿನಲ್ಲಿ ಹೇಳಿದ. ಟ್ರಸ್ಟಿ ಭುಜಂಗ ಶೆಟ್ಟರು ಹೋಟೆಲಿನವರು. ಎಣ್ಣೆಯ ವಾಸನೆಯಿಂದಲೇ ಪಾಮೊಲಿನ್ ಕಲಬೆರಕೆ ಹಿಡಿಯುವ ಮನುಷ್ಯ. ಅವರೆದುರು ಸುತ್ತಿ ಬಳಸಿ ಮಾತಾಡಿ ಪ್ರಯೋಜನವಿಲ್ಲ.

"ಕಳ್ಳತನವಾ?" ದೇವಸ್ಥಾನದ ಕಚೇರಿಯಲ್ಲಿ ಕೂತಿದ್ದ ಶೆಟ್ಟರು ಕನ್ನಡಕ ತೆಗೆದರು. "ನೋಡಿ ಮೇಡಂ, ಬೇಡ ಅಂತ ಹೇಳುವುದು ನನಗೂ ಬೇಜಾರೇ. ಆದ್ರೆ ಇಲ್ಲಿ ಹುಂಡಿ ಉಂಟು, ಉಗ್ರಾಣ ಉಂಟು, ದೇವರ ಬೆಳ್ಳಿ ಉಂಟು. ಎಲ್ಲಿ ಕೂರಿಸುದು ನೀವೇ ಹೇಳಿ."

ನಾನು ಹೇಳಲಿಲ್ಲ, ಏಳಲೂ ಇಲ್ಲ. ಕಾನ್ವೆಂಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ಚೆನ್ನಾಗಿ ಕಲಿಸಿದ್ದಾರೆ. ಮಜ್ಜಿಗೆ ಬಂತು, ಕುಡಿದೆ. ಎರಡು ಫೋನು ಬಂದವು, ಶೆಟ್ಟರು ಮಾತಾಡಿದರು, ನಾನು ಕಾದೆ. ಕೊನೆಗೆ ಅವರ ಮುಖ ಬೆಳಗಿತು.

"ಹಾಂ! ಒಂದು ಜಾಗ ಉಂಟು. ಅಲ್ಲಿ ಕದಿಯಲಿಕ್ಕೆ ಎಂಥದೂ ಇಲ್ಲ. ಯಾವ ಚಿಂತೆಯೂ ಇಲ್ಲ."

"ಎಲ್ಲಿ?"

"ಚಪ್ಪಲಿ ಇಡುವಲ್ಲಿ. ಹೂ ಕಟ್ಟಲಿಕ್ಕೆ ಹದಿನೈದು ಜನ ಬರ್ತಾರೆ, ಬಡಿಸಲಿಕ್ಕೆ ಇಪ್ಪತ್ತು ಜನ. ಚಪ್ಪಲಿ ಹತ್ರ ಕೂರಲಿಕ್ಕೆ ಒಬ್ಬರೂ ಇಲ್ಲ ಮಾರಾಯ್ರೆ."

ಮಜ್ಜಿಗೆಯ ಲೋಟವನ್ನು ಮೇಜಿನ ಮೇಲಿಟ್ಟೆ. ಕಳ್ಳತನ ಎಂದು ಹೇಳಿದ್ದೆ. ಏನನ್ನು ಎಂದು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಹೇಳಿದರೆ ಇದೂ ಹೋಯಿತು. ಬಾಯಿ ಮುಚ್ಚಿಕೊಂಡರೆ ಒಪ್ಪಿಗೆ ಪತ್ರ ಕೈಯಲ್ಲಿ. ನಾನು ಇನ್ನೂ ತೂಗುತ್ತಿದ್ದೆ. ಇಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದ ಸುಮಿತ್ರಾ ಎರಡು ಹೆಜ್ಜೆ ಮುಂದೆ ಬಂದಳು.

"ಸಾಹೇಬ್ರ, ನಾ ಕದ್ದದ್ದು ಚಪ್ಪಲೀನ ರೀ."

ಶೆಟ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಅವಳ ಕಾಲಿನ ಕಡೆಗೂ ಒಮ್ಮೆ ನೋಡಿದರು. ದೇವಸ್ಥಾನದೊಳಗಲ್ಲವೇ, ಬರಿಗಾಲು. ಆಮೇಲೆ ಅವರ ಹೊಟ್ಟೆ ಅಲುಗತೊಡಗಿತು. ನಗು ಅಲ್ಲಿಂದ ಹೊರಟು ಮುಖ ಮುಟ್ಟಲು ಸ್ವಲ್ಪ ಹೊತ್ತು ಹಿಡಿಯಿತು.

"ಇದನ್ನ ನೀವು ಹೇಳದೆ ಕೂತಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ ಅಲ್ವಾ?" ಎಂದರು ಕಣ್ಣೊರೆಸಿಕೊಂಡು.

"ಆಕ್ಕಿದ್ದಿಲ್ರಿ. ಆದ್ರ ನಾ ಅಲ್ಲಿ ದಿನಾ ಹೆದರಕೋತ ಕೂಡಬೇಕಾಕ್ಕಿತ್ರಿ."

ಶೆಟ್ಟರು ಪೆನ್ನು ತೆಗೆದರು. ಅವಳಿಗೆ ಆ ಜಾಗ ಅವಮಾನವೆನಿಸೀತೇ ಎಂಬ ಅಳುಕು ನನಗೆ. ಹತ್ತು ಜನ ಬಿಟ್ಟ ಚಪ್ಪಲಿಯನ್ನು ಮುಟ್ಟುವ ಕೆಲಸ ಎಂದು ಮೆಲ್ಲಗೆ ಹೇಳಿದೆ. "ಮಂದಿ ಕಾಲಾನ ಮಣ್ಣ ಅಲ್ಲೇನ್ರಿ, ತೊಳಕೊಂಡ್ರ ಹೋಕ್ಕೈತಿ" ಎಂದಳು. ಪತ್ರದ ಫೋಟೊ ಪ್ರಭಾಕರನಿಗೆ ಹೋಯಿತು. ಮರುದಿನ ನ್ಯಾಯಾಧೀಶರು ಒಪ್ಪಿದ ಮೇಲೆಯೇ ಗಂಟೆಗಳ ಎಣಿಕೆ ಶುರು, ಇಂದು ಕೂತರೆ ನಲವತ್ತರಲ್ಲಿ ಸೇರುವುದಿಲ್ಲ ಎಂದು ಅವನು ಸ್ಪಷ್ಟವಾಗಿ ತಿಳಿಸಿದ.

"ಸೇರದಿದ್ರ ಬಿಡ್ರಿ. ಹೆಂಗೂ ಆರತಿಗೆ ಮಂದಿ ಬರ್ತಾರಂತ" ಎಂದು ಸುಮಿತ್ರಾ ಸೆರಗು ಸಿಕ್ಕಿಸಿ ಹೋಗಿ ಕೂತೇಬಿಟ್ಟಳು. ನಾನು ಹೊರಡುವಾಗ ಗುಡ್ಡೆಯಾಗಿ ಬಿದ್ದಿದ್ದ ಚಪ್ಪಲಿಗಳನ್ನು ಎಡ ಬಲ ನೋಡಿ ಜೊತೆ ಮಾಡುತ್ತಿದ್ದಳು. ದೊಡ್ಡವು ಕೆಳಗೆ, ಮಕ್ಕಳವು ಮೇಲೆ. ಮನೆಯಲ್ಲಿ ಪಾತ್ರೆ ಜೋಡಿಸುವ ಕ್ರಮ. ನನ್ನ ಜೊತೆ ಯಾವುದೆಂದು ನಾನು ಹೇಳುವ ಮೊದಲೇ ಎತ್ತಿ ಮುಂದಿಟ್ಟಳು.

ಮನೆಗೆ ಬಂದು ಕಾಳು ಬೇಯಿಸಿ, ಯಜಮಾನರಿಗೆ ಚಹಾ ಕೊಟ್ಟು, ಏಳೂಮುಕ್ಕಾಲಿಗೆ ಕಸದ ಡಬ್ಬಿ ಹೊರಗಿಡಲು ಬಾಗಿಲು ತೆರೆದೆ. ಎದುರು ಮನೆಯ ವಾರಿಜಕ್ಕ ಲಿಫ್ಟಿನಿಂದ ಇಳಿದು ಬೀಗದ ಕೈ ಹುಡುಕುತ್ತಿದ್ದರು. ದೇವಸ್ಥಾನದಿಂದ ಬಂದಿದ್ದರು, ಹಣೆಯಲ್ಲಿ ಗಂಧ ಇನ್ನೂ ಹಸಿ. ನನ್ನ ದಿನದ ತಿರುಗಾಟ ಅವರಿಗೇನೂ ಗೊತ್ತಿಲ್ಲ.

"ಇವತ್ತು ಚಪ್ಪಲಿ ಹತ್ರ ಯಾರೋ ಹೆಂಗಸನ್ನ ಕೂರಿಸಿದ್ದಾರೆ ಮಾರಾಯ್ತಿ" ಎಂದರು ಬೀಗ ತೆರೆಯುತ್ತ. "ಇಷ್ಟು ವರ್ಷದಲ್ಲಿ ಇವತ್ತೇ ನೋಡು, ನಾನು ಕಣ್ಣು ಮುಚ್ಚಿ ಕೈ ಮುಗಿದದ್ದು."